ಮಳೆ ಬಂದರೆ ಓಡುವ ಮರ

ದಾರಿಗಳು ಕೂಡುವ ಸ್ಥಳದಲ್ಲಿ ಒಂದು ಪುಟ್ಟ ಮರ ನಿಂತಿದೆ. ಕಂದುಬಣ್ಣದ ಕಾಂಡ, ಎಡಕ್ಕೊಂದು, ಬಲಕ್ಕೊಂದು ಚಾಚಿದ ಕೊಂಬೆ, ಕೊಂಬೆಗಳ ತುದಿಯಲ್ಲಿ ಎಲೆಯ ಗೊಂಚಲಿನಂತೆ ತೋರುವ ಹಸಿರು ಗುಂಡುಗಳು. ದಾರಿಹೋಕರು ಅದನ್ನು ಮರವೆಂದೇ ಬಗೆಯುತ್ತಾರೆ. ಆದರೆ ಗಾಳಿಯ ಸುಳಿವೇ ಇಲ್ಲದ ಹೊತ್ತಿನಲ್ಲಿಯೂ ಅದರ ಕೊಂಬೆ ತುಸು ಅಲುಗುವುದುಂಟು. ಚಳಿಗಾಲದಲ್ಲಿ ಸುತ್ತಲಿನ ಮರಗಳೆಲ್ಲ ಎಲೆಯುದುರಿಸಿ ಬೋಳಾಗಿ ನಿಂತಾಗ ಅದರ ಹಸಿರು ಮಾತ್ರ ಹಾಗೆಯೇ ಇರುತ್ತದೆ. ಇವೆಲ್ಲಕ್ಕಿಂತ ಸೋಜಿಗದ ಸಂಗತಿ ಮತ್ತೊಂದು. ಮಳೆ ಬಿದ್ದು ಉಳಿದ ಗಿಡಮರಗಳೆಲ್ಲ ಚೇತರಿಸಿಕೊಳ್ಳುವ ವೇಳೆಗೆ ಈ ಮರ ಅಲ್ಲಿಂದ ಕಾಲುಕಿತ್ತಿರುತ್ತದೆ!

ಮಳೆಗೆ ಹೆದರಿ ಓಡುವ ಮರವನ್ನು ಯಾರಾದರೂ ಕಂಡದ್ದುಂಟೆ? ಇಲ್ಲ. ಏಕೆಂದರೆ ಅದು ಮರವಲ್ಲ, ಕಲ್ಲು.

ಈ ಕಲ್ಲಿನ ಹೆಸರು ಸುಡೋವುಡೋ. ಅದರ ತವರು ಜಪಾನ್. ವಾಸ ಪೋಕೆಮಾನ್ ಎಂಬ ಆಟದ ಲೋಕದಲ್ಲಿ. ಆ ಲೋಕವನ್ನು ಕಲ್ಪಿಸಿದ ಸತೋಶಿ ತಜಿರಿ ಅವರು ಬಾಲ್ಯದಲ್ಲಿ ಟೋಕಿಯೋ ಮಹಾನಗರದ ಅಂಚಿನಲ್ಲಿ ಬೆಳೆದವರು. ಕೀಟಗಳನ್ನು ಹುಡುಕಿ ಹಿಡಿಯುವುದರಲ್ಲಿ ಅಪಾರ ಆಸಕ್ತಿಯುಳ್ಳವರು. ನಗರ ಹಬ್ಬಿದಂತೆ ಹಸಿರು ಬಯಲುಗಳು ಕರಗಿ ಕಟ್ಟಡಗಳು ಎದ್ದವು; ಹುಳುಗಳನ್ನು ಅರಸುವ ಆ ಸಂಭ್ರಮ ಮುಂದಿನ ಮಕ್ಕಳಿಗೆ ಇಲ್ಲವಾಯಿತು. ಕಳೆದುಹೋದ ಆ ಸಂಭ್ರಮವನ್ನು ಅಂಗೈಯಗಲದ ಯಂತ್ರವೊಂದರೊಳಗೆ ಮರಳಿ ತರುವ ಹವಣಿಕೆಯೇ ಈ ಆಟ. 1996ರ ಫೆಬ್ರವರಿಯಲ್ಲಿ ಗೇಮ್ ಬಾಯ್ ಎಂಬ ಯಂತ್ರಕ್ಕಾಗಿ ಅದು ಜಪಾನಿನಲ್ಲಿ ಪ್ರಕಟವಾಯಿತು. ಆಡುವವನು ಕಾಡುಮೇಡುಗಳಲ್ಲಿ ಅಲೆದು ವಿಚಿತ್ರ ಜೀವಿಗಳನ್ನು ಹಿಡಿಯಬೇಕು, ಪಳಗಿಸಬೇಕು, ಇತರರ ಜೀವಿಗಳೊಡನೆ ಕಾಳಗಕ್ಕೆ ನಿಲ್ಲಿಸಬೇಕು. ಮೊದಲು ಇದ್ದ ಜೀವಿಗಳು 151. 1999ರ ನವೆಂಬರಿನಲ್ಲಿ ‘ಗೋಲ್ಡ್’ ಮತ್ತು ‘ಸಿಲ್ವರ್’ ಎಂಬ ಜೋಡಿ ಆಟಗಳು ಬಂದಾಗ ಇನ್ನೂ ನೂರು ಸೇರಿದವು. ಆ ನೂರರಲ್ಲಿ ಒಂದು, 185ನೆಯ ಕ್ರಮಾಂಕದ ಈ ಸುಡೋವುಡೋ. ಎತ್ತರ 1.2 ಮೀಟರ್, ತೂಕ 38 ಕಿಲೋಗ್ರಾಂ.

ಹೆಸರಿನಲ್ಲಿಯೇ ಅದರ ಗುಟ್ಟು ರಟ್ಟಾಗಿದೆ. ಜಪಾನೀ ಮಕ್ಕಳು ಅದನ್ನು ‘ಉಸೊಕ್ಕಿ’ ಎನ್ನುತ್ತಾರೆ. ‘ಉಸೊ’ ಎಂದರೆ ಸುಳ್ಳು, ‘ಕಿ’ ಎಂದರೆ ಮರ. ಇಂಗ್ಲಿಷಿನ ‘ಸುಡೋವುಡೋ’ ಎಂಬುದೂ ಹುಸಿ ಮತ್ತು ಮರ ಎಂಬರ್ಥದ ಎರಡು ಪದಗಳ ಬೆಸುಗೆಯೇ. ಅಂದಮೇಲೆ ಕನ್ನಡದಲ್ಲಿ ಅದನ್ನು ‘ಹುಸಿಮರ’ ಎಂದು ಕರೆದರೆ ತಪ್ಪೇನೂ ಆಗಲಾರದು. ಪಾಪ, ವೇಷ ಹಾಕುವುದಕ್ಕೆ ಮೊದಲೇ ಬಯಲಾಗಿಬಿಟ್ಟ ವೇಷಧಾರಿ!

ಆದರೆ ಕಲ್ಲಿಗೆ ಮರದ ವೇಷವೇಕೆ? ಲೋಕದಲ್ಲಿ ಯಾರಿಗೂ ಅಂಜದ ವಸ್ತು ಯಾವುದೆಂದು ಕೇಳಿದರೆ ಹೆಚ್ಚಿನವರು ಕಲ್ಲು ಎಂದೇ ಹೇಳಿಯಾರು. ಧೈರ್ಯಗೆಟ್ಟವರಿಗೆ ‘ಮನಸ್ಸು ಕಲ್ಲು ಮಾಡಿಕೊ’ ಎಂದು ಬುದ್ಧಿ ಹೇಳುವುದು ವಾಡಿಕೆ. ಪೋಕೆಮಾನ್ ಲೋಕದ ನಿಯಮ ಈ ನಂಬಿಕೆಯನ್ನು ಒಪ್ಪುವುದಿಲ್ಲ. ಅಲ್ಲಿ ಪ್ರತಿಯೊಂದು ಜೀವಿಗೂ ಒಂದು ಅಥವಾ ಎರಡು ಕುಲಗಳುಂಟು. ಒಂದು ಕುಲ ಇನ್ನೊಂದನ್ನು ಗೆಲ್ಲುತ್ತದೆ, ಮತ್ತೊಂದಕ್ಕೆ ಸೋಲುತ್ತದೆ. ಶಿಲಾಕುಲದ ಪೆಟ್ಟಿಗೆ ಬೆಂಕಿ, ಹಿಮ, ಹಕ್ಕಿ, ಹುಳು ಈ ನಾಲ್ಕು ಕುಲಗಳು ತತ್ತರಿಸುವುದು ನಿಜ. ಆದರೆ ಅದೇ ಶಿಲಾಕುಲ ಐದು ಕುಲಗಳಿಗೆ ಅಂಜಬೇಕು: ನೀರು, ಸಸ್ಯ, ಮಣ್ಣು, ಉಕ್ಕು ಮತ್ತು ಮಲ್ಲಯುದ್ಧ.

ಇದು ಬರಿಯ ಕಟ್ಟುಕಥೆಯಲ್ಲ. ಹೊಳೆಯ ದಂಡೆಯಲ್ಲಿ ನುಣ್ಣಗಾದ ಉರುಟು ಕಲ್ಲುಗಳನ್ನು ಕಂಡವರಿಗೆ ನೀರಿನ ಬಲ ಗೊತ್ತು. ಹಳೆಯ ಕೋಟೆಗೋಡೆಯ ಬಿರುಕಿನಲ್ಲಿ ಹಕ್ಕಿಯೊಂದು ಉದುರಿಸಿದ ಅರಳಿಯ ಬೀಜ ಮೊಳೆತು, ಬೇರೂರಿ, ಆನೆಗೂ ಕದಲದ ಕಲ್ಲನ್ನು ಇಬ್ಭಾಗ ಮಾಡಿರುವುದನ್ನು ನೋಡಿದವರಿಗೆ ಸಸ್ಯದ ಬಲವೂ ಗೊತ್ತು. ಗಟ್ಟಿಯಾದದ್ದು ಒಂದೇ ಏಟಿಗೆ ಮಣಿಯದಿರಬಹುದು. ಮೆತ್ತಗಿನ ಪದಾರ್ಥಗಳ ತಾಳ್ಮೆಯ ಎದುರಿನಲ್ಲಿ ಅದು ನಿಲ್ಲಲಾರದು.

ಈಗ ಹುಸಿಮರದ ಉಪಾಯವನ್ನು ಗಮನಿಸಬೇಕು. ಅದು ಅಂಜುವುದು ನೀರಿಗೆ, ಅಂಜುವುದು ಸಸ್ಯಕ್ಕೆ. ಆ ಲೋಕದಲ್ಲಿ ನೀರಿನ ಪೆಟ್ಟನ್ನು ಸುಲಭವಾಗಿ ತಾಳಿಕೊಳ್ಳುವ ಕುಲಗಳಲ್ಲಿ ಸಸ್ಯಕುಲವೂ ಒಂದು. ಕಲ್ಲು ತನ್ನನ್ನು ಸೋಲಿಸುವವನ ಉಡುಪನ್ನೇ ತೊಟ್ಟು ನಿಂತಿದೆ! ತನ್ನಲ್ಲಿ ಯಾವ ಬಲವಿಲ್ಲವೋ ಅದೇ ಬಲ ಇದ್ದಂತೆ ನಟಿಸುತ್ತಿದೆ. ಮನುಷ್ಯರ ನಡುವೆಯೂ ಇಂಥ ವೇಷಗಳು ಅಪರೂಪವಲ್ಲ. ಸಾಲದಲ್ಲಿ ಮುಳುಗಿದವನು ಅಂಗಿಗೆ ಹೆಚ್ಚು ಗಂಜಿ ಹಾಕಿಸುತ್ತಾನೆ; ಕತ್ತಲೆಗೆ ಹೆದರುವವನು ದಾರಿಯುದ್ದಕ್ಕೂ ಗಟ್ಟಿಯಾಗಿ ಹಾಡಿಕೊಂಡು ಹೋಗುತ್ತಾನೆ. ಮೋಸ ಮಾಡಬೇಕೆಂಬ ಕೆಡುಕು ಅವರಲ್ಲಿಲ್ಲ. ತಮ್ಮ ಅಂಜಿಕೆ ಪರರ ಕಣ್ಣಿಗೆ ಬೀಳದಿದ್ದರೆ ಸಾಕು. ಹುಸಿಮರದ ಸುಳ್ಳೂ ಆ ಜಾತಿಯದೇ. ಯಾರನ್ನಾದರೂ ಹಿಡಿದು ತಿನ್ನಲೆಂದು ಅದು ಹೊಂಚುವುದಿಲ್ಲ. ತನ್ನ ಮೇಲೆ ಯಾರೂ ಬೀಳದಿರಲಿ ಎಂದಷ್ಟೆ ನಿಲ್ಲುತ್ತದೆ.

ನಿಂತದ್ದೇನೋ ಸರಿ, ನಿಂತ ಸ್ಥಳ ಮಾತ್ರ ಸರಿಯಾಗಿರಲಿಲ್ಲ. ‘ಗೋಲ್ಡ್’ ಮತ್ತು ‘ಸಿಲ್ವರ್’ ಆಟಗಳ ಜೋಟೋ ಸೀಮೆಯಲ್ಲಿ 36ನೆಯ ಮಾರ್ಗವೆಂಬುದೊಂದುಂಟು. ಎಕ್ರುಟೀಕ್ ಎಂಬ ಪುರಾತನ ನಗರಕ್ಕೆ ಹೋಗಬೇಕಾದವರು ಆ ಮಾರ್ಗದ ಕವಲಿನಲ್ಲಿ ತಿರುಗಬೇಕು. ಕವಲಿನಲ್ಲಿಯೇ ಹುಸಿಮರ! ಮುಂದೆ ಹೋಗುವಂತಿಲ್ಲ, ಸುತ್ತಿ ಹೋಗಲು ಬೇರೆ ಹಾದಿಯಿಲ್ಲ.

ಆ ಸ್ಥಳದಲ್ಲಿ ಇಬ್ಬರು ಕಾಣಸಿಗುತ್ತಾರೆ. ಒಬ್ಬ ಜಟ್ಟಿ. ತನ್ನ ಮುಷ್ಟಿಯ ಒಂದೇ ಗುದ್ದಿಗೆ ಮರವನ್ನು ಮುರಿದುಹಾಕುವೆನೆಂದು ಬಂದವನು. ಮುರಿಯಲಾರದೆ ತಾನು ಕೈಲಾಗದವನೆಂದು ಹಲುಬಿಕೊಳ್ಳುತ್ತಿದ್ದಾನೆ. ಇನ್ನೊಬ್ಬಳು ಗೋಲ್ಡನ್‌ರಾಡ್ ನಗರದ ಹೂವಿನ ಅಂಗಡಿಯ ಹುಡುಗಿ. ಆಕೆ ಮರಕ್ಕೆ ನೀರು ಚಿಮುಕಿಸಿದಳಂತೆ. ಅದು ಥಟ್ಟನೆ ಜಿಗಿಯಿತಂತೆ! ಇದು ಮರವಲ್ಲ, ಪೋಕೆಮಾನ್ ಎಂಬ ಸತ್ಯ ಆಕೆಗೆ ಹೊಳೆದದ್ದು ಹಾಗೆ. ಆಡುವ ಹುಡುಗ ಗೋಲ್ಡನ್‌ರಾಡಿನ ಆ ಹೂವಿನ ಅಂಗಡಿಯಿಂದ ಗಿಡಕ್ಕೆ ನೀರೆರೆಯುವ ಪಾತ್ರೆಯೊಂದನ್ನು ಪಡೆದು ಕವಲಿಗೆ ಮರಳಿ ಬರಬೇಕು. ನೀರು ಬಿದ್ದೊಡನೆ ಹುಸಿಮರ ಸಿಟ್ಟಿಗೆದ್ದು ಕಾಳಗಕ್ಕೆ ನಿಲ್ಲುತ್ತದೆ. ಕಾಳಗ ಮುಗಿದಮೇಲೆ ದಾರಿ ತೆರೆಯುತ್ತದೆ.

ಕಥೆಯ ಸ್ವಾರಸ್ಯ ಇಲ್ಲಿಗೇ ಮುಗಿಯಲಿಲ್ಲ. ದಾರಿ ತೆರೆದದ್ದಕ್ಕೆ ಮೆಚ್ಚಿ ಜಟ್ಟಿ ಹುಡುಗನಿಗೊಂದು ಉಡುಗೊರೆ ಕೊಡುತ್ತಾನೆ. ಏನದು? ‘ರಾಕ್ ಸ್ಮ್ಯಾಷ್’, ಎಂದರೆ ಬಂಡೆಯೊಡೆಯುವ ವಿದ್ಯೆ! ಬಂಡೆಯೊಡೆಯುವ ವಿದ್ಯೆಯನ್ನು ಇಟ್ಟುಕೊಂಡವನೇ ಎದುರಿಗೆ ನಿಂತ ಬಂಡೆಯನ್ನು ಬಂಡೆಯೆಂದು ಗುರುತಿಸಲಾರದೆ ಮರವೆಂದು ಗುದ್ದುತ್ತಿದ್ದ. ಮುಷ್ಟಿಗೆ ಬಗ್ಗದ್ದು ಹೂವಾಡಗಿತ್ತಿಯ ನಾಲ್ಕು ಹನಿ ನೀರಿಗೆ ಬಗ್ಗಿತು. ನಿಜವಾದ ಮರವಾಗಿದ್ದರೆ ಆ ನೀರಿನಿಂದ ಅದಕ್ಕೆ ಒಳಿತೇ ಆಗುತ್ತಿತ್ತು. ಮರಕ್ಕೆ ಸಲ್ಲಬೇಕಾದ ಉಪಚಾರವನ್ನು ಸಲ್ಲಿಸಿದ್ದರಿಂದಲೇ ಮರವಲ್ಲದ್ದು ಬಯಲಾಯಿತು. ಪರೀಕ್ಷೆಯಲ್ಲಿ ಇದಕ್ಕಿಂತ ನಯವಾದದ್ದು ಇರಲಾರದು.

2006ರಲ್ಲಿ ಬಂದ ‘ಡೈಮಂಡ್’ ಮತ್ತು ‘ಪರ್ಲ್’ ಆಟಗಳಲ್ಲಿ ಈ ಹುಸಿಮರದ ಮರಿಯೂ ಕಾಣಿಸಿಕೊಂಡಿತು. ಅದರ ಹೆಸರು ಬಾನ್ಸ್ಲಿ; ಜಪಾನೀಯರು ಕುಂಡದಲ್ಲಿ ಬೆಳೆಸುವ ಬೋನ್ಸಾಯ್ ಮರದ ಹೋಲಿಕೆ. ಎತ್ತರ ಅರ್ಧ ಮೀಟರ್. ಅದರ ಕಣ್ಣಿನಿಂದ ನೀರು ಸುರಿಯುತ್ತಲೇ ಇರುತ್ತದೆ. ನೋಡಿದವರು ಅಳುತ್ತಿದೆಯೆಂದು ಮರುಗುತ್ತಾರೆ. ನಿಜವಾಗಿ ಅದು ಅಳುತ್ತಿರುವುದಿಲ್ಲ. ಒಣ ಹವೆಯನ್ನು ಬಯಸುವ ಆ ಮರಿ ತನ್ನ ಮೈಯೊಳಗಿನ ಹೆಚ್ಚಿನ ನೀರನ್ನು ಹೀಗೆ ಹೊರಹಾಕುತ್ತದೆಯಂತೆ. ನೀರಿನ ಅಂಜಿಕೆ ಹುಟ್ಟಿನಿಂದಲೇ ಬಂದದ್ದು! ಬಾನ್ಸ್ಲಿ ಎಂದು ಬೆಳೆದು ಸುಡೋವುಡೋ ಆಗುತ್ತದೆ? ‘ಅನುಕರಣೆ’ ಎಂಬ ವಿದ್ಯೆಯನ್ನು ಕಲಿತ ಬಳಿಕ. ಅಳುವಂತೆ ತೋರುವ ಮಗು ಇತರರನ್ನು ನೋಡಿ ನಟಿಸಲು ಕಲಿತ ದಿನ ದೊಡ್ಡದಾಗುತ್ತದೆ ಎಂಬ ಈ ನಿಯಮವನ್ನು ಬರೆದವರು ಮಕ್ಕಳನ್ನು ಚೆನ್ನಾಗಿ ಬಲ್ಲವರೇ ಇರಬೇಕು.

ಪ್ರಕೃತಿಯಲ್ಲಿ ಇಂಥ ವೇಷಗಳಿಗೆ ಬರವಿಲ್ಲ. 1869ರಲ್ಲಿ ಅಚ್ಚಾದ ತಮ್ಮ ಪ್ರವಾಸಗ್ರಂಥದಲ್ಲಿ ಆಲ್ಫ್ರೆಡ್ ರಸೆಲ್ ವಾಲೆಸ್ ಅವರು ಸುಮಾತ್ರಾ ದ್ವೀಪದ ಚಿಟ್ಟೆಯೊಂದನ್ನು ವರ್ಣಿಸಿದ್ದಾರೆ. ರೆಕ್ಕೆ ಮಡಚಿ ಕುಳಿತರೆ ಸಾಕು, ಅದು ಒಣಗಿದ ಎಲೆಯಾಗಿಬಿಡುತ್ತದೆ, ಕಣ್ಣೆದುರಿಗಿದ್ದರೂ ಕಾಣದು. ಅದರ ಬಳಗದ ಚಿಟ್ಟೆಯೊಂದು ಸಹ್ಯಾದ್ರಿಯ ಕಾಡುಗಳಲ್ಲಿಯೂ ಉಂಟು. ರೆಕ್ಕೆ ಬಿಚ್ಚಿದರೆ ಕಡುನೀಲಿ, ಮಡಚಿದರೆ ತರಗೆಲೆ. ಕೀಟಪ್ರಿಯರೊಬ್ಬರು ಹುಟ್ಟುಹಾಕಿದ ಲೋಕದಲ್ಲಿ ವೇಷಧಾರಿ ಜೀವಿಯೊಂದು ಸೇರಿಕೊಂಡದ್ದು ಸಹಜವೇ ಆಗಿದೆ.

ಆದರೆ ಹುಸಿಮರಕ್ಕೆ ಸರಿಜೋಡಿಯಾಗಬಲ್ಲದ್ದು ದಕ್ಷಿಣ ಆಫ್ರಿಕದ ಒಣನೆಲದ ಒಂದು ಸಸ್ಯ. 1811ರಲ್ಲಿ ಅಲ್ಲಿ ಸಂಚರಿಸುತ್ತಿದ್ದ ವಿಲಿಯಂ ಬರ್ಚೆಲ್ ಎಂಬ ಸಸ್ಯಶಾಸ್ತ್ರಜ್ಞರು ವಿಚಿತ್ರಾಕಾರದ ಬೆಣಚುಕಲ್ಲೆಂದು ಭಾವಿಸಿ ಒಂದನ್ನು ಎತ್ತಿಕೊಂಡರು. ನೋಡಿದರೆ ಅದು ಗಿಡ! ಇಂದು ಅದರ ಕುಲಕ್ಕೆ ಲಿಥಾಪ್ಸ್ ಎಂದು ಹೆಸರು. ಜನ ಅದನ್ನು ‘ಜೀವಂತ ಕಲ್ಲು’ ಎನ್ನುತ್ತಾರೆ. ಮೇಯುವ ಪ್ರಾಣಿಗಳ ಬಾಯಿಂದ ತಪ್ಪಿಸಿಕೊಳ್ಳಲು ಅದು ಕಲ್ಲುಗಳ ನಡುವೆ ಕಲ್ಲಾಗಿ ಕುಳಿತಿರುತ್ತದೆ. ಇಲ್ಲಿಯ ವಿನೋದವನ್ನು ನೋಡಿ: ಕಲ್ಲಿನಂತೆ ಕಾಣುವ ಆ ಗಿಡದ ದಪ್ಪನೆಯ ಎಲೆಗಳೊಳಗೆ ತುಂಬಿರುವುದು ನೀರು, ಬರಗಾಲಕ್ಕೆಂದು ಬಚ್ಚಿಟ್ಟುಕೊಂಡ ಗಂಟು ಅದು. ಗಿಡದಂತೆ ಕಾಣುವ ಜಪಾನಿನ ಕಲ್ಲಿಗೋ ನೀರಿನ ಹನಿಯನ್ನು ಕಂಡರಾಗದು. ಹೊರಗಿನ ವೇಷ ಏನೇ ಇರಲಿ, ನೀರಿನ ಮುಂದೆ ಗಿಡ ಗಿಡವೇ, ಕಲ್ಲು ಕಲ್ಲೇ.

ಸುಳ್ಳು ಬಯಲಾಯಿತು, ಇನ್ನು ಸುಳ್ಳಾಡಿದವನನ್ನು ಏನು ಮಾಡಬೇಕು? ಆಟ ಮಕ್ಕಳ ಮುಂದೆ ಇಡುವ ನಿಜವಾದ ಪ್ರಶ್ನೆ ಇದು. ಆ ಕವಲಿನಲ್ಲಿ ನಿಂತಿರುವುದು ಒಂದೇ ಒಂದು ಹುಸಿಮರ. ನೀರೆರೆದ ಹುಡುಗ ಅದನ್ನು ಹೊಡೆದು ಕೆಡವಬಹುದು. ಹಾಗೆ ಕೆಡವಿದರೆ ಅದು ಕಣ್ಮರೆಯಾಗುತ್ತದೆ. ಆ ಸ್ಥಳದಲ್ಲಿ ಮತ್ತೆ ಕಾಣಸಿಗುವುದಿಲ್ಲ. ಕೊಂಚ ತಾಳ್ಮೆ ವಹಿಸಿ, ಪೆಟ್ಟನ್ನು ಅಳೆದು ಹೊಡೆದು, ಹಿಡಿದು ಜೊತೆಗೆ ಕರೆದೊಯ್ಯಲೂಬಹುದು. ಯಂತ್ರ ಎರಡರಲ್ಲಿ ಯಾವುದನ್ನೂ ಬಲವಂತಪಡಿಸುವುದಿಲ್ಲ. ಯಾವುದನ್ನು ಮಾಡಿದರೂ ಎಕ್ರುಟೀಕಿನ ದಾರಿ ತೆರೆಯುತ್ತದೆ.

ಇದೇ ಆಟವನ್ನು ಆಧರಿಸಿ 1997ರ ಏಪ್ರಿಲಿನಲ್ಲಿ ಆರಂಭವಾದ ದೂರದರ್ಶನದ ಚಿತ್ರಮಾಲಿಕೆಯಲ್ಲಿ ಬ್ರಾಕ್ ಎಂಬ ಯುವಕನೊಬ್ಬನಿದ್ದಾನೆ. ಹೆತ್ತವರು ಜೊತೆಗಿಲ್ಲದಾಗ ತಮ್ಮ ತಂಗಿಯರ ದೊಡ್ಡ ಹಿಂಡನ್ನು ಅಡುಗೆ ಮಾಡಿ, ಬಟ್ಟೆ ಹೊಲಿದು ಸಾಕಿದವನು. ಶಿಲಾಕುಲದ ಜೀವಿಗಳಲ್ಲಿ ವಿಶೇಷ ಪ್ರೀತಿಯುಳ್ಳವನು. ಕಣ್ಣೀರು ಸುರಿಸುವ ಒಂದು ಬಾನ್ಸ್ಲಿ ಅವನ ಕೈ ಸೇರಿತು. 2006ರಲ್ಲಿ ತೊಡಗಿದ ಮಾಲಿಕೆಯ ಭಾಗದಲ್ಲಿ ಬೆಳೆದು ಸುಡೋವುಡೋ ಆಯಿತು. ಬ್ರಾಕ್ ಅದರ ವೇಷವನ್ನು ಬಿಡಿಸಲು ಹೋಗಲಿಲ್ಲ. ಮರದಂತಿರುವ ಕಲ್ಲನ್ನು ಹಾಗೆಯೇ ಒಪ್ಪಿ ಸಂಗಡ ನಡೆಸಿದ. ಮರದ ಆಕಾರ ಅಳಿಯಲಿಲ್ಲ, ನೀರಿನ ಭಯ ಹೋಗಲಿಲ್ಲ; ಆದರೆ ಕವಲುದಾರಿಯಲ್ಲಿ ಉಸಿರು ಬಿಗಿಹಿಡಿದು ಮರವಾಗಿ ನಿಲ್ಲುವ ಕಷ್ಟ ಅದಕ್ಕೆ ಬರಲಿಲ್ಲ. ಆಪತ್ತು ಬಂದಾಗ ಪಕ್ಕದಲ್ಲಿ ನಿಲ್ಲುವವನೊಬ್ಬ ಇದ್ದನಲ್ಲ!

ಗೇಮ್ ಬಾಯ್ ಹಿಡಿದು ಆ ಕವಲನ್ನು ದಾಟಿದ ಅಂದಿನ ಮಕ್ಕಳು ಇಂದು ಬೆಳೆದು ದೊಡ್ಡವರಾಗಿದ್ದಾರೆ. ಹೊಡೆದು ಕೆಡವಿದವರಿಗೂ ದಾರಿ ಸಿಕ್ಕಿತು, ಹಿಡಿದು ಜೊತೆಗೊಯ್ದವರಿಗೂ ಸಿಕ್ಕಿತು. ಹಿಡಿದವರಿಗೆ ಮುಂದಿನ ಪಯಣಕ್ಕೆ ಒಬ್ಬ ಸಂಗಾತಿಯೂ ಸಿಕ್ಕಿದ; ಮಳೆ ಬಂದಾಗ ಮಾತ್ರ ಅವನಿಗೆ ಕೊಡೆ ಹಿಡಿಯಬೇಕು.