ಪಾಸಿನ ಆಚೆಗಿನ ಹಳಿ

ಮುಂಬಯಿಯ ಕಾರ್ಮಿಕನ ಪ್ರಪಂಚದ ಉದ್ದಳತೆ ಎಷ್ಟೆಂದು ತಿಳಿಯಬೇಕಾದರೆ ಅವನ ಜೇಬಿನ ರೈಲ್ವೆ ಪಾಸನ್ನು ತೆಗೆದು ನೋಡಿದರೆ ಸಾಕು. ಡೊಂಬಿವಲಿಯಿಂದ ಮಸ್ಜಿದು, ವಸಾಯಿಯಿಂದ ಅಂಧೇರಿ, ಠಾಣೆಯಿಂದ ವಾಶಿ: ಎರಡೇ ಎರಡು ಹೆಸರು, ಅವುಗಳ ನಡುವೆ ಒಂದು ಆಯುಷ್ಯ. ನಮ್ಮ ಸಂಘದ ಹಿರಿಯರೊಬ್ಬರು ಮೂವತ್ತೆರಡು ವರ್ಷ ಡೊಂಬಿವಲಿಯಿಂದ ಕೋಟೆಗೆ ದುಡಿಯಲು ಹೋಗಿ ಬಂದವರು. ಕಲ್ಯಾಣದ ಮುಂದೆ ಹಳಿ ಎರಡಾಗಿ ಒಡೆದು ಒಂದು ಕಸಾರಾದ ಕಡೆಗೂ ಇನ್ನೊಂದು ಕರ್ಜತಿನ ಕಡೆಗೂ ಹೋಗುತ್ತದೆಂಬುದನ್ನು ಅವರು ಕೇಳಿ ಬಲ್ಲರೇ ಹೊರತು ಕಂಡವರಲ್ಲ. ಊರಿಗೆ ಹೋಗುವುದು ಬಸ್ಸಿನಲ್ಲಿ. ಮಿಕ್ಕ ದಿನಗಳಲ್ಲಿ ಪಾಸು ಹೇಳಿದಷ್ಟೇ ದೂರ. ಇದನ್ನು ಅವರು ದೂರಾಗಿ ಹೇಳಲಿಲ್ಲ, ಸಹಜವಾಗಿ ಹೇಳಿದರು. ಸಹಜವಾಗಿ ಹೇಳಿದ್ದರಿಂದಲೇ ಅದು ನಮಗೆ ಚುಚ್ಚಿತು.

ನಮ್ಮ ಸದಸ್ಯರಲ್ಲಿ ರೈಲಿನ ಹುಚ್ಚಿನ ಒಬ್ಬ ತರುಣನಿದ್ದಾನೆ. ಛಾಪಖಾನೆಯಲ್ಲಿ ಕೆಲಸ. ಮುಂಬಯಿಯ ಲೋಕಲ್ ಮಾರ್ಗಗಳ ನಕಾಶೆಯೊಂದನ್ನು ಮಡಿಸಿ ಮಡಿಸಿ ಸವೆಸಿದ್ದಾನೆ. ತಾನು ಕುಳಿತು ಹೋದ ಹಳಿಯ ಮೇಲೆಲ್ಲ ಕೆಂಪು ಪೆನ್ಸಿಲಿನ ಗೆರೆ ಎಳೆದಿದ್ದಾನೆ. ಖಾರಕೋಪರಿನಿಂದ ಉರಣಿನವರೆಗಿನ ತುಂಡಿಗೆ ಮಾತ್ರ ಕೆಂಪು ಬಿದ್ದಿರಲಿಲ್ಲ. 2024ರ ಡಿಸೆಂಬರಿನಲ್ಲಿ ಕಾರ್ಯಕಾರಿ ಸಮಿತಿಯ ಸಭೆ ಮುಗಿದು ಚಹ ಕುಡಿಯುತ್ತಿರುವಾಗ ಅವನು ಮೆಲ್ಲಗೆ, "ಬರುವ ಆದಿತ್ಯವಾರ ಎಲ್ಲರೂ ಕೂಡಿ ಉರಣಕ್ಕೆ ಹೋಗಿ ಬರೋಣವೇ?" ಎಂದು ಕೇಳಿದ.

"ಅಲ್ಲಿ ನಮ್ಮವರು ಯಾರಿದ್ದಾರೆ ಮಾರಾಯಾ?"

"ಯಾರೂ ಇಲ್ಲ ಅಣ್ಣ. ಹಳಿ ಇದೆ."

ಸಭೆ ನಕ್ಕಿತು. ಕೋಶಾಧ್ಯಕ್ಷರು ಕೆಲಸವಿಲ್ಲದ ಬಡಗಿಯ ಗಾದೆಯನ್ನು ಆರಂಭಿಸಿ ಅರ್ಧಕ್ಕೆ ನಿಲ್ಲಿಸಿದರು. ಪೂರ್ತಿ ಹೇಳುವ ಅಗತ್ಯವಿರಲಿಲ್ಲ. ವಾರಕ್ಕೊಂದೇ ರಜೆ ಸಿಗುವ ಹೋಟೆಲು ಕಾರ್ಮಿಕನು ಆ ಒಂದು ದಿನವನ್ನೂ ರೈಲಿನಲ್ಲೇ ಕಳೆಯಬೇಕೆ ಎಂಬ ಅವರ ಪ್ರಶ್ನೆಯಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೂ ಐದು ಮಂದಿ ಹೊರಟೆವು. ಮೂವತ್ತೆರಡು ವರ್ಷದ ಪಾಸಿನ ಹಿರಿಯರೂ ನಮ್ಮೊಡನೆ ಬಂದರು.

ಆ ದಿನ ಹಾರ್ಬರ್ ಮಾರ್ಗದಲ್ಲಿ ಮೆಗಾಬ್ಲಾಕು. ಹಳಿಗೂ ದುರಸ್ತಿಯ ದಿನವೊಂದು ಬೇಕು, ಒಪ್ಪತಕ್ಕ ಮಾತೇ. ಆದರೆ ಅದಕ್ಕೂ ನಮ್ಮ ರಜೆಯ ದಿನವೇ ಸಿಗಬೇಕೆ! ಠಾಣೆಯಿಂದ ನೆರುಳಿಗೆ ಬಂದು, ಅಲ್ಲಿಂದ ಉರಣಿನ ಗಾಡಿ ಹಿಡಿದೆವು. ಕಿಟಕಿಯ ಜಾಗ ಸಿಕ್ಕಿತು. ಮೂವತ್ತೆರಡು ವರ್ಷಗಳಲ್ಲಿ ಕಿಟಕಿಯ ಪಕ್ಕ ಕುಳಿತದ್ದು ಎಷ್ಟು ಸಲವೆಂದು ಹಿರಿಯರು ಬೆರಳು ಮಡಿಸಿ ಎಣಿಸತೊಡಗಿದರು, ಒಂದು ಕೈ ಸಾಕಾಯಿತು.

ಈ ಮಾರ್ಗದ ಕಥೆ ಓದುಗರಿಗೆ ಸ್ವಲ್ಪ ತಿಳಿದಿರಬೇಕು. ಮಂಜೂರಾದದ್ದು ಕಳೆದ ಶತಮಾನದ ತೊಂಬತ್ತರ ದಶಕದಲ್ಲಿ. ವೆಚ್ಚದಲ್ಲಿ ಮೂರರಲ್ಲಿ ಎರಡು ಪಾಲು ಸಿಡ್ಕೋದ್ದು, ಒಂದು ಪಾಲು ರೈಲ್ವೆಯದ್ದು. ನೆರುಳ್ ಮತ್ತು ಬೇಲಾಪುರದಿಂದ ಖಾರಕೋಪರಿನವರೆಗೆ ಗಾಡಿ ಓಡಿದ್ದು 2018ರ ನವೆಂಬರ್ 11ರಂದು. ಉಳಿದ 14.6 ಕಿಲೋಮೀಟರು ತೆರೆದದ್ದು 2024ರ ಜನವರಿ 12ರಂದು. ಒಟ್ಟು ಸುಮಾರು 27 ಕಿಲೋಮೀಟರು ಹಳಿಗೆ ಕಾಲು ಶತಮಾನ ಮಿಕ್ಕಿ ಹಿಡಿಯಿತು. 1853ರಲ್ಲಿ ಬೋರಿಬಂದರದಿಂದ ಠಾಣೆಗೆ 34 ಕಿಲೋಮೀಟರು ಹಾಸಿದವರ ಬಳಿ ಈಗಿನ ಯಂತ್ರಗಳಲ್ಲಿ ಒಂದೂ ಇರಲಿಲ್ಲ. ಅವರಿಗೆ ಭೂಸ್ವಾಧೀನದ ತಕರಾರು, ಕಾಂಡ್ಲಾ ವನದ ಪರವಾನಗಿ ಇವಾವುದೂ ಇರಲಿಲ್ಲವೆಂಬುದನ್ನೂ ನ್ಯಾಯವಾಗಿ ಹೇಳಬೇಕು.

ಸೀವುಡ್ಸ್ ದಾಟಿದೊಡನೆ ಗಾಡಿ ಪನವೇಲದ ಖಾರಿಯ ಮೇಲೆ ಬಂತು. ಇಬ್ಬದಿಯಲ್ಲಿ ಕಾಂಡ್ಲಾ ಗಿಡಗಳ ಹಸುರು, ಇಳಿತದ ಕೆಸರು, ಕೆಸರಿನಲ್ಲಿ ಬೆಳ್ಳಕ್ಕಿ. ಮುಂದೆ ಉಲ್ವೆಯ ಕಡೆಗೆ ವಿಮಾನ ನಿಲ್ದಾಣದ ಬಯಲು. ಅಲ್ಲಿ ಒಂದು ಗುಡ್ಡವಿತ್ತು, ಅದನ್ನು ಕಡಿದು ನೆಲಸಮ ಮಾಡಿದರು. ಒಂದು ಹೊಳೆಯಿತ್ತು, ಅದರ ದಾರಿ ತಿರುಗಿಸಿದರು. ಹತ್ತು ಹಳ್ಳಿಗಳಿದ್ದವು, ಅವರನ್ನು ಎಬ್ಬಿಸಿದರು. ನಾವು ಹೋದಾಗ ಕ್ರೇನುಗಳಿದ್ದವು. 2025ರ ಅಕ್ಟೋಬರ್ 8ರಂದು ಅದರ ಉದ್ಘಾಟನೆಯಾಗಿ, ಅದೇ ಡಿಸೆಂಬರಿನಿಂದ ವಿಮಾನಗಳು ಹಾರುತ್ತಿವೆ.

ಬಾಮಣಡೋಂಗರಿ, ಖಾರಕೋಪರು ಕಳೆದ ಮೇಲೆ ತರುಣನು ನಕಾಶೆಯನ್ನು ತೊಡೆಯ ಮೇಲೆ ಹರಡಿ ಪೆನ್ಸಿಲು ಹಿಡಿದು ಸಿದ್ಧನಾದ. ಗಾಡಿ ಅಲುಗಾಡಿದಂತೆ ಗೆರೆಯೂ ಅಲುಗಾಡಿತು. ಹೊರಗೆ ಉಪ್ಪುನೀರಿನ ತಗ್ಗು ಭೂಮಿ. ನಮ್ಮಲ್ಲಿ ಕುಮಟೆಯ ಕಡೆಯವರೊಬ್ಬರು ಕಿಟಕಿಯಿಂದ ತಲೆ ತೆಗೆಯದೆ, "ಇದು ನಮ್ಮ ಗಜನಿ ಗದ್ದೆಯೇ, ನೋಡಿ! ಅಲ್ಲಿ ಉಪ್ಪಿನಾಗರ!" ಎಂದು ಕೂಗಿದರು. ನಿಜ, ಅಘನಾಶಿನಿಯ ದಡದಲ್ಲಿ ಬೆಳೆದವನಿಗೆ ಇಲ್ಲಿ ದಾರಿ ಹೇಳಿಕೊಡಬೇಕಿಲ್ಲ. ಸಮುದ್ರದ ನೀರಿಗೆ ಕಟ್ಟೆ ಹಾಕಿ ಭತ್ತ ಬೆಳೆವ ಜಾಣ್ಮೆ ಎರಡೂ ಕಡೆ ಒಂದೇ. ಸ್ವಾತಂತ್ರ್ಯದ ಚರಿತ್ರೆಯಲ್ಲಿಯೂ ನಂಟುಂಟು. 1930ರ ಏಪ್ರಿಲಿನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದರೆ, ಅದೇ ವರ್ಷ ಸೆಪ್ಟೆಂಬರ್ 25ರಂದು ಉರಣ್ ತಾಲ್ಲೂಕಿನ ಚಿರನೇರಿನಲ್ಲಿ ಕಾಡಿನ ಸತ್ಯಾಗ್ರಹ ನಡೆದು ಗೋಳೀಬಾರಾಯಿತು.

ಆದರೆ ಈ ನೆಲದ ಹತ್ತಿರದ ನೆನಪು 1984ರದು. ನವಮುಂಬಯಿಗಾಗಿ ಜಮೀನು ಕಳೆದುಕೊಂಡ ರೈತರು ರೈತ–ಕಾರ್ಮಿಕ ಪಕ್ಷದ ದಿ. ಬಾ. ಪಾಟೀಲರ ಮುಂದಾಳುತನದಲ್ಲಿ ಜಾಸಯಿಯ ಬಳಿ ಎದ್ದು ನಿಂತರು. ಆ ಜನವರಿ 16 ಮತ್ತು 17ರ ಗೋಳೀಬಾರಿನಲ್ಲಿ ಐವರು ಸತ್ತರು. ಸ್ವಾಧೀನವಾದ ಭೂಮಿಯ ಶೇಕಡ 12.5ರಷ್ಟನ್ನು ಅಭಿವೃದ್ಧಿಪಡಿಸಿ ಒಕ್ಕಲಿಗೇ ಹಿಂದಿರುಗಿಸುವ ಯೋಜನೆ ಬಂದದ್ದು ಆ ರಕ್ತದ ಫಲ. ನಾವು ಕುಳಿತ ಗಾಡಿ ಓಡುತ್ತಿದ್ದದ್ದು ಆ ಊರುಗಳ ಮಗ್ಗುಲಲ್ಲೇ. ಹೊಸ ಸ್ಟೇಷನುಗಳಿಗೆ ತಮ್ಮ ಹಳ್ಳಿಗಳ ಹೆಸರೇ ಇರಲಿ ಎಂದು ಅಲ್ಲಿಯ ಜನ ಹಟ ಹಿಡಿದುದನ್ನು ಕೆಲವು ಪತ್ರಿಕೆಗಳು ಹಾಸ್ಯ ಮಾಡಿದುದನ್ನು ನಾವು ಓದಿದ್ದೇವೆ. ಹೊಲ ಹೋದ ಮೇಲೆ ಉಳಿಯುವುದು ಹೆಸರೊಂದೇ. ಅದನ್ನೂ ಬಿಟ್ಟುಕೊಡಿ ಎನ್ನಲು ನಮಗೆ ಬಾಯಿ ಬರುವುದಿಲ್ಲ.

ನ್ಹಾವಾ ಶೇವಾದ ಹತ್ತಿರ ದೂರದಲ್ಲಿ ಬಂದರಿನ ಕ್ರೇನುಗಳು ಕಂಡವು, ಕಂಟೇನರುಗಳ ಗೋಡೆ ಕಂಡಿತು. 1989ರಲ್ಲಿ ತೆರೆದ ಬಂದರು ಇದು. ಬಂದರಿಗೆ ಸರಕಿನ ಹಳಿ ಮೊದಲೇ ಇತ್ತು, ಮನುಷ್ಯರ ಗಾಡಿ ಬರಲು ಮೂವತ್ತೈದು ವರ್ಷ ಬೇಕಾಯಿತು. ಪೆಟ್ಟಿಗೆಗೆ ಸಿಕ್ಕಿದ ರೈಲು ಪೆಟ್ಟಿಗೆ ಎತ್ತುವವನಿಗೆ ಸಿಗಲಿಲ್ಲ.

ಮುಕ್ಕಾಲು ಗಂಟೆಯೊಳಗೆ ಉರಣ್ ಬಂತು. ಕೆಂಪು ಗೆರೆ ಪೂರ್ತಿಯಾಯಿತು. ತರುಣನು ನಕಾಶೆ ಮಡಿಸಿ ಜೇಬಿಗಿಟ್ಟು, ಏನೂ ಮಾತನಾಡದೆ, ಪ್ಲಾಟ್‌ಫಾರಮಿನ ತುದಿಯವರೆಗೆ ನಡೆದು ಹಳಿ ಮುಗಿಯುವ ಜಾಗವನ್ನು ನೋಡುತ್ತ ನಿಂತ. ನಾವೂ ಹೋಗಿ ನಿಂತೆವು. ನೋಡತಕ್ಕದ್ದೇನೂ ಇರಲಿಲ್ಲ. ಆದರೂ ಚೆನ್ನಾಗಿತ್ತು.

ಅಲ್ಲಿಯೇ ನೆರಳಿನಲ್ಲಿ ಒಬ್ಬ ಗಾರೆ ಕೆಲಸದವನು ಗಂಟು ಇಟ್ಟುಕೊಂಡು ಕುಳಿತಿದ್ದ. ನಮ್ಮ ಮಾತು ಕಿವಿಗೆ ಬಿದ್ದದ್ದೇ ತಡ, "ಕನ್ನಡದವ್ರೇನ್ರಿ ಯಪ್ಪಾ?" ಎಂದ. ವಿಜಯಪುರ ಜಿಲ್ಲೆಯ ಇಂಡಿಯ ಕಡೆಯವನು. ಮುಂಜಾನೆ ನಾಕಾದಲ್ಲಿ ನಿಂತು, ಕರೆದವರ ಹಿಂದೆ ದ್ರೋಣಗಿರಿಯ ಕಟ್ಟಡದ ಕೆಲಸಕ್ಕೆ ಬಂದಿದ್ದಾನೆ. ಸಿಮೆಂಟು ಬಾರದ್ದರಿಂದ ಅರ್ಧ ದಿನಕ್ಕೇ ಬಿಟ್ಟರು.

"ಆದಿತ್ಯವಾರವೂ ಕೆಲಸವೇನಪ್ಪ?" ಎಂದು ನಮ್ಮ ಹಿರಿಯರು ಕೇಳಿದರು.

"ಕೆಲಸ ಇದ್ದ ದಿನಾ ಸ್ವಾಮವಾರ್ರಿ ಯಜ್ಜಾ, ಇಲ್ಲದ್ ದಿನಾ ಆಯ್ತವಾರ."

ಗಾಡಿಯ ವಿಷಯ ಕೇಳಿದೆವು. ಅವನಿಗೆ ಗಾಡಿಯ ಮೇಲೆ ಪ್ರೀತಿಯೇ ಇದೆ. ಮೊದಲು ಬಸ್ಸಿಗೆ ಕೊಡುತ್ತಿದ್ದ ದುಡ್ಡಿನಲ್ಲಿ ಈಗ ಒಂದು ಹೊತ್ತಿನ ಊಟ ಮಿಗುತ್ತದೆ. "ಛಲೋ ಮಾಡ್ಯಾರ್ರಿ. ಆದ್ರ ಒಂದ್ ತಪ್ಪಿತಂದ್ರ ಒಂದ್ ತಾಸು ಕುಂದ್ರಬೇಕು. ಮುಂಜಾನಿ ತಾಸು ತಡಾ ಆದ್ರ ಹಾಜ್ರಿ ಕಟ್. ಗಾಡಿ ತಡಾ ಮಾಡಿದ್ರ ಅವರಿಗೇನ್ರಿ, ಪಗಾರ ಹೋಗೂದು ನಂದು."

ನಾವು ಐವರೂ ಪರಸ್ಪರ ಮುಖ ನೋಡಿಕೊಂಡೆವು. ಉಲ್ಲಾಸಕ್ಕೆಂದು ಬಂದ ನಮಗೆ ಒಂದು ತಾಸಿನ ಅಂತರವು ಚಹ ಕುಡಿಯುವ ಬಿಡುವು; ಅವನಿಗೆ ಅದು ಕೂಲಿಯ ಲೆಕ್ಕ. ವೇಳಾಪಟ್ಟಿಯೂ ಒಂದು ವೇತನದ ಕರಾರು ಎಂಬುದನ್ನು ನಮ್ಮ ಸಂಘ ಇಷ್ಟು ವರ್ಷ ಮನಸ್ಸಿಗೆ ತಂದುಕೊಂಡಿಲ್ಲ. ಪಗಾರ, ಬೋನಸು, ರಜೆ ಎಂದು ಠರಾವು ಮಾಡಿದ್ದೇವೆ. ಮೊದಲ ಗಾಡಿ ಎಷ್ಟಕ್ಕೆ, ಕೊನೆಯ ಗಾಡಿ ಎಷ್ಟಕ್ಕೆ ಎಂದು ಒಂದು ಠರಾವೂ ನಮ್ಮ ದಫ್ತರಿನಲ್ಲಿಲ್ಲ.

ಈ ಮಾರ್ಗ ಪೂರ್ಣಗೊಂಡಾಗ ಹೋಗುವ ಬರುವ ಗಾಡಿಗಳೆಲ್ಲ ಸೇರಿ ದಿನಕ್ಕೆ 40. ನೆರುಳಿನದು, ಬೇಲಾಪುರದ್ದು ಎರಡೂ ಕೂಡಿಯೇ ಈ ಲೆಕ್ಕ. ಆಮೇಲೆ ಕೆಲವನ್ನು ಹೆಚ್ಚಿಸಿದ್ದಾರೆ, ಸಂತೋಷ. ಜನವಿಲ್ಲದೆ ಗಾಡಿ ಏಕೆ ಎಂದು ಆಡಳಿತ ಕೇಳಬಹುದು. ಗಾಡಿಯಿಲ್ಲದೆ ಜನ ಹೇಗೆ ಬಂದಾರು ಎಂದು ನಾವು ಕೇಳುತ್ತೇವೆ. ಹಾರ್ಬರ್ ಮಾರ್ಗದಲ್ಲಿ ವಾಶಿಗೆ ರೈಲು ಬಂದದ್ದು 1992ರಲ್ಲಿ. ಆಗ ಖಾಲಿ ಓಡುತ್ತದೆಂದು ಆಡಿಕೊಂಡವರು ಇಂದು ಸಂಜೆ ಆರಕ್ಕೆ ಅದೇ ಗಾಡಿಯಲ್ಲಿ ಕಾಲೂರಲು ಜಾಗ ಹುಡುಕಲಿ.

ಇನ್ನೊಂದು ಮಾತು ಹೇಳದೆ ಇರಲಾರೆವು. ಉರಣಿನ ರೈಲು ತೆರೆದ ದಿನವೇ, ಶಿವಡಿಯಿಂದ ನ್ಹಾವಾ ಶೇವಾಕ್ಕೆ ಸಮುದ್ರದ ಮೇಲಿನ 21.8 ಕಿಲೋಮೀಟರಿನ ಅಟಲ್ ಸೇತುವೂ ತೆರೆಯಿತು. ಪತ್ರಿಕೆಗಳೆಲ್ಲ ಸೇತುವೆಯ ಚಿತ್ರವನ್ನೇ ಮುಖಪುಟದಲ್ಲಿ ಹಾಕಿದವು. ಸೇತುವೆ ಅದ್ಭುತವೇ ಸರಿ, ಕಟ್ಟಿದ ಕೈಗಳಿಗೆ ನಮಸ್ಕಾರ. ಆದರೆ ಅದರ ಮೇಲೆ ಮೋಟಾರು ಸೈಕಲು ಹೋಗುವಂತಿಲ್ಲ, ಆಟೋರಿಕ್ಷಾ ಹೋಗುವಂತಿಲ್ಲ. ಕಾರಿಗೆ ಒಂದು ಸಲಕ್ಕೆ 250 ರೂಪಾಯಿ ಸುಂಕವಿಟ್ಟರು. ಇಂಡಿಯ ಗಾರೆಯವನ ಪಾಲಿಗೆ ಆ ಸೇತುವೆ ದೂರದಿಂದ ನೋಡುವ ಕಾಮನಬಿಲ್ಲು. ಅವನನ್ನು ಕೆಲಸಕ್ಕೆ ಮುಟ್ಟಿಸುವುದು ತಾಸಿಗೊಂದು ಬರುವ ಈ ಲೋಕಲು. ಒಂದೇ ದಿನ ಹುಟ್ಟಿದ ಇಬ್ಬರು ಮಕ್ಕಳಲ್ಲಿ ಒಬ್ಬನಿಗೇ ಹಾಲು ಹೆಚ್ಚು ಎರೆದಂತಾಯಿತು.

ಹಿಂದಿರುಗುವಾಗ ಮೋರಾ ಧಕ್ಕೆಯಿಂದ ಲಾಂಚು ಹಿಡಿದು ಭಾವು ಧಕ್ಕೆಗೆ ಹೋಗೋಣವೆಂದು ಯೋಚಿಸಿದ್ದೆವು. ಹಳೆಯ ಕಾಲದ ದಾರಿ ಅದೇ. ಆದರೆ ಇಳಿತದ ಹೊತ್ತು. ಹೂಳಿನಿಂದ ಲಾಂಚು ನಿಂತಿದೆ ಎಂದು ರಿಕ್ಷಾದವನು ಹೇಳಿದ. ರೈಲು ಏಕೆ ಬೇಕಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಗಾರೆಯವನೊಡನೆಯೇ ಗಾಡಿ ಹತ್ತಿದೆವು. ನಮ್ಮ ಬುತ್ತಿಯ ಅವಲಕ್ಕಿ ಅವನಿಗೂ ಹಿಡಿಸಿತು. ನೆರುಳಿನಲ್ಲಿ ಇಳಿಯುವ ಮುನ್ನ ಅವನು ಸಂಘದ ವಿಳಾಸ ಕೇಳಿ, ಅಕ್ಷರ ಬಾರದ್ದರಿಂದ ಎರಡು ಸಲ ಬಾಯಿಪಾಠ ಮಾಡಿಕೊಂಡ. ನಮ್ಮ ಸದಸ್ಯತ್ವದ ಪಟ್ಟಿಯಲ್ಲಿ ಹೋಟೆಲಿನವರು, ಕಚೇರಿಯವರು, ಗಿರಣಿಯ ಹಳಬರು ಇದ್ದಾರೆ. ನಾಕಾದಲ್ಲಿ ನಿಲ್ಲುವ ಕನ್ನಡಿಗ ಒಬ್ಬನೂ ಇರಲಿಲ್ಲ. ಅವನನ್ನು ಕಾಣಲು ನಾವು ನಮ್ಮ ಪಾಸಿನ ಹೊರಗೆ ಹೋಗಬೇಕಾಯಿತು.

ಮುಂದಿನ ಸಭೆಯಲ್ಲಿ ಕೋಶಾಧ್ಯಕ್ಷರು ಗಾದೆಯ ಉಳಿದರ್ಧವನ್ನು ಹೇಳಲಿಲ್ಲ. ಬೆಳಗಿನ ಹಾಗೂ ರಾತ್ರಿಯ ಪಾಳಿಗೆ ಹೊಂದುವ ಗಾಡಿಗಳನ್ನು ಉರಣ್ ಮಾರ್ಗದಲ್ಲಿ ಹೆಚ್ಚಿಸಬೇಕೆಂಬ, ಕೊನೆಯ ಗಾಡಿ ಹೋಟೆಲು ಬಾಗಿಲು ಹಾಕಿದ ಮೇಲೆ ಹೊರಡಬೇಕೆಂಬ ಅರ್ಜಿಯ ಕರಡನ್ನು ಅವರೇ ಬರೆದರು. ಸಹಿ ಹಾಕಬಯಸುವ ಓದುಗರು ಸಂಘದ ಕಚೇರಿಯಲ್ಲಿ ಸಂಜೆ ಏಳರ ಮೇಲೆ ಹಾಕಬಹುದು. ಹೆಬ್ಬೆಟ್ಟೂ ಸಲ್ಲುತ್ತದೆ.

ಹಿರಿಯರು ಮತ್ತೊಂದು ಬೇಡಿಕೆ ಮುಂದಿಟ್ಟಿದ್ದಾರೆ: ಕಲ್ಯಾಣದ ಆಚೆ ಕಸಾರಾ. ಮುಂದಿನ ತಿಂಗಳ ಎರಡನೆಯ ಆದಿತ್ಯವಾರ ಬೆಳಿಗ್ಗೆ ಏಳಕ್ಕೆ ಡೊಂಬಿವಲಿಯ ಟಿಕೇಟು ಖಿಡಕಿಯ ಬಳಿ ಸೇರುವುದು. ಬುತ್ತಿ ಅವರವರದೇ.