ಬೀಗದ ಕೈ ಯಾರ ಬಳಿ?

ರದ್ದಿ ಕಾಗದದ ಬೆಲೆ ಎಷ್ಟೆಂದು ನಮ್ಮ ಓದುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದನ್ನು ತೂಕಕ್ಕೆ ಕೊಳ್ಳುವವರೂ ಅದರಲ್ಲಿ ಪೊಟ್ಟಣ ಕಟ್ಟುವವರೂ ಅವರಲ್ಲಿಯೇ ಇದ್ದಾರೆ. ಮುಷ್ಕರದ ದಿನ ಕೈಯಿಂದ ಕೈಗೆ ಓಡಾಡಿದ ಕರಪತ್ರ ಮರುವಾರ ಬೆಲ್ಲದ ಪೊಟ್ಟಣವಾಗುತ್ತದೆ. ಆ ಕಾಗದವೂ ಚರಿತ್ರೆಯೇ ಎಂಬುದನ್ನು ಇನ್ನೂರು ವರ್ಷಗಳ ಹಿಂದೆ ಒಬ್ಬ ಅಚ್ಚುಕೂಟದ ಕೆಲಸಗಾರ ಕಂಡುಕೊಂಡ. ಅವನು ಕಟ್ಟಿದ ಭಂಡಾರ ಇಂದಿಗೂ ನಿಂತಿದೆ. ಅದರ ಕಥೆ ಕೇಳಿದವರಿಗೆ ಒಂದು ಪ್ರಶ್ನೆ ಎದುರಾಗುತ್ತದೆ: ಚರಿತ್ರೆಯ ಕಾಗದಗಳಿರುವ ಮನೆಯ ಬೀಗದ ಕೈ ಯಾರ ಬಳಿ ಇರಬೇಕು, ಯಾರಿಗಾಗಿ ತಿರುಗಬೇಕು?

ಐಸಾಯ ಥಾಮಸ್ 1749ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಹುಟ್ಟಿದವನು. ಬಡವರ ಮನೆ. 1756ರಲ್ಲಿ, ಏಳು ವರ್ಷದ ಹುಡುಗನನ್ನು ಒಬ್ಬ ಮುದ್ರಕನ ಬಳಿ ಕರಾರು ಬರೆದು ಕೆಲಸಕ್ಕೆ ಬಿಟ್ಟರು. ಶಾಲೆಯ ಮುಖ ಅವನು ಕಂಡದ್ದು ಇಲ್ಲವೆನ್ನುವಷ್ಟು ಕಡಿಮೆ. ಮೊಳೆಯ ಗೂಡು ಕೈಗೆ ಎಟಕದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿ, ಒಂದು ಲಾವಣಿಯ ಮೊಳೆ ಜೋಡಿಸಲು ಹಚ್ಚಿದರು. ಓದಲು ಬಾರದ ಹುಡುಗ ಅಕ್ಷರ ಕಲಿತದ್ದು ಸೀಸದ ಮೊಳೆಗಳಿಂದ. ದೊಡ್ಡವನಾದ ಮೇಲೆ 1770ರಲ್ಲಿ 'ಮ್ಯಾಸಚೂಸೆಟ್ಸ್ ಸ್ಪೈ' ಎಂಬ ಪತ್ರಿಕೆ ತೆಗೆದ. ಓದಲು ಹೆಚ್ಚು ಪುರಸತ್ತಿಲ್ಲದ ಕಸುಬುದಾರರಿಗೆ ಒಂದು ಪತ್ರಿಕೆ ಬೇಕೆಂಬುದು ಅವನ ಎಣಿಕೆ. ಬ್ರಿಟಿಷ್ ಆಳ್ವಿಕೆಯ ಕೆಂಗಣ್ಣು ಅದರ ಮೇಲೆ ಬಿತ್ತು. 1775ರ ಏಪ್ರಿಲ್ 16ರ ರಾತ್ರಿ ಅವನು ಅಚ್ಚುಯಂತ್ರವನ್ನು ಗುಟ್ಟಾಗಿ ಹೊಳೆ ದಾಟಿಸಿ, ವುಸ್ಟರ್ ಎಂಬ ಒಳನಾಡಿನ ಊರಿಗೆ ಸಾಗಿಸಿದ. ಮೂರು ದಿನಗಳಲ್ಲಿ ಲೆಕ್ಸಿಂಗ್‌ಟನ್ನಿನಲ್ಲಿ ಸ್ವಾತಂತ್ರ್ಯ ಯುದ್ಧದ ಗುಂಡು ಹಾರಿತು.

ಇದೇ ವುಸ್ಟರಿನಲ್ಲಿ 1812ರಲ್ಲಿ ಅವನು 'ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿ'ಯನ್ನು ಸ್ಥಾಪಿಸಿದ. ತಾನು ಕೂಡಿಟ್ಟ ಪುಸ್ತಕಗಳನ್ನೆಲ್ಲ ಅದಕ್ಕೆ ಕೊಟ್ಟ. ಆಗ ಮತ್ತೆ ಬ್ರಿಟನ್ನಿನೊಡನೆ ಯುದ್ಧ ನಡೆದಿತ್ತು. ಕಡಲತೀರದ ಊರಾದರೆ ಶತ್ರುವಿನ ಹಡಗು ಬಂದು ಸುಟ್ಟೀತು, ಒಳನಾಡೇ ಕ್ಷೇಮ ಎಂದು ಸ್ಥಾಪಕರು ಲೆಕ್ಕ ಹಾಕಿದರು. ಅವನ ಹಳೆಯ ಅಚ್ಚುಯಂತ್ರವೂ ಅಲ್ಲಿಯೇ ಇದೆ.

ಆದರೆ ಅವನ ದೊಡ್ಡತನ ಬೇರೆಡೆ ಇದೆ. ಆ ಕಾಲದ ಪಂಡಿತರು ಚರ್ಮದ ಹೊದಿಕೆಯ ಗ್ರಂಥಗಳನ್ನು ಕೂಡಿಡುತ್ತಿದ್ದರು. ಥಾಮಸ್ ಬೀದಿಯ ಕಾಗದವನ್ನೂ ಕೂಡಿಟ್ಟ. ಬಾಸ್ಟನ್ನಿನಲ್ಲಿ ಬಿಡಿಹಾಳೆಯ ಲಾವಣಿಗಳನ್ನು ಅಚ್ಚು ಮಾಡಿ ಮಾರುತ್ತಿದ್ದವನಿಂದ ಮುನ್ನೂರಕ್ಕೂ ಮೀರಿದ ಲಾವಣಿಗಳನ್ನು ಕೊಂಡು, ಮೂರು ಸಂಪುಟಗಳಾಗಿ ಕಟ್ಟಿಸಿ, 1814ರಲ್ಲಿ ಭಂಡಾರಕ್ಕೆ ಕೊಟ್ಟ. ಈ ಕಾಲದ ಸಾಮಾನ್ಯ ಜನ ಏನು ಹಾಡುತ್ತಿದ್ದರೆಂದು ಮುಂದಿನವರಿಗೆ ತಿಳಿಯಲಿ ಎಂಬುದೇ ಉದ್ದೇಶ. ಲಾವಣಿಯ ಮೊಳೆ ಜೋಡಿಸಿ ಅಕ್ಷರ ಕಲಿತವನು ಲಾವಣಿಯ ಋಣವನ್ನು ಹೀಗೆ ತೀರಿಸಿದ.

ಇಂಥ ಕಾಗದ ಏಕೆ ಬೇಕು? ಎರಡು ಉದಾಹರಣೆ ಸಾಕು. ಡೇವಿಡ್ ವಾಕರ್ ಬಾಸ್ಟನ್ನಿನಲ್ಲಿ ಹಳೆಯ ಬಟ್ಟೆಯ ಅಂಗಡಿ ಇಟ್ಟಿದ್ದ ಕರಿಯ ವ್ಯಾಪಾರಿ. 1829ರಲ್ಲಿ ಅವನು ಗುಲಾಮಗಿರಿಯ ವಿರುದ್ಧ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದ. ನಾವಿಕರ ಮೂಲಕ ಅದು ದಕ್ಷಿಣದ ಬಂದರುಗಳನ್ನು ಮುಟ್ಟಿತು. ಹೆದರಿದ ಸರ್ಕಾರಗಳು ಅಂಥ ಬರಹವನ್ನು ತಡೆಯಲು ಕಾಯಿದೆ ಮಾಡಿದವು. ಎರಡನೆಯದು ಲೋವೆಲ್ ಊರಿನದು. ಅಲ್ಲಿಯ ಹತ್ತಿ ಗಿರಣಿಯ ಹೆಣ್ಣುಮಕ್ಕಳು 1834ರಲ್ಲಿಯೂ 1836ರಲ್ಲಿಯೂ ಕೆಲಸ ನಿಲ್ಲಿಸಿ ಹೊರಬಂದರು. 1840ರಿಂದ 'ಲೋವೆಲ್ ಆಫರಿಂಗ್' ಎಂಬ ಪತ್ರಿಕೆಯಲ್ಲಿ ಆ ಗಿರಣಿಯ ಹೆಂಗಸರೇ ಬರೆದರು. ಆ ಹತ್ತಿ ಬೆಳೆದವರು ದಕ್ಷಿಣದ ಗುಲಾಮರು. ಅಂಗಡಿಯವನ ಪುಸ್ತಕವನ್ನೂ ಗಿರಣಿಯವರ ಪತ್ರಿಕೆಯನ್ನೂ ಅಕ್ಕಪಕ್ಕ ಇಟ್ಟು ಓದಿದವನಿಗೇ ಆ ದೇಶದ ಐಶ್ವರ್ಯದ ಬೇರು ಕಾಣುವುದು. ಮಾಲೀಕರ ಲೆಕ್ಕದ ಪುಸ್ತಕ ಒಂದನ್ನೇ ಓದಿದವನಿಗೆ ಲಾಭ ಮಾತ್ರ ಕಾಣುತ್ತದೆ.

ಇಲ್ಲಿಗೆ ಮುಖ್ಯ ಮಾತಿಗೆ ಬಂದೆವು. ಇಂದು ಆ ಭಂಡಾರದಲ್ಲಿ ನಲವತ್ತು ಲಕ್ಷಕ್ಕೂ ಮೀರಿ ಪುಸ್ತಕ, ಪತ್ರಿಕೆ, ಚಿತ್ರ, ಕರಪತ್ರಗಳಿವೆ. ಆದರೆ ಗೋದಾಮು ತುಂಬ ಸರಕಿದ್ದು ಅಂಗಡಿಯ ಬಾಗಿಲು ಹಾಕಿದ್ದರೆ ಊರಿಗೇನು ಬಂತು? ಬಾಗಿಲು ತೆರೆಯುವ ಕೆಲಸಕ್ಕೆಂದೇ ಇಂಥ ಭಂಡಾರಗಳಲ್ಲಿ ಒಂದು ಹುದ್ದೆ ಇದೆ. ವಿದ್ವತ್ ಕಾರ್ಯಕ್ರಮಗಳ ಮತ್ತು ಸಹಯೋಗಗಳ ನಿರ್ದೇಶಕ ಎಂದು ಅದರ ಹೆಸರು. ಹೆಸರು ಕೇಳಿದರೆ ನಮಗೂ ಇದಕ್ಕೂ ಏನು ಸಂಬಂಧ ಎನ್ನಿಸುತ್ತದೆ. ಕೆಲಸ ನೋಡಿ: ದೂರದಿಂದ ಓದಲು ಬರುವವರಿಗೆ ವೇತನ ಗೊತ್ತುಮಾಡುವುದು, ಅರ್ಜಿಗಳನ್ನು ತೂಗುವ ಸಮಿತಿಯನ್ನು ಕೂಡಿಸುವುದು, ಗೋಷ್ಠಿಗಳನ್ನು ನಡೆಸುವುದು, ಕಾಲೇಜುಗಳೊಡನೆ ಒಪ್ಪಂದ ಮಾಡಿಕೊಳ್ಳುವುದು. ಎಂದರೆ, ಯಾವ ಪ್ರಶ್ನೆ ಹೊತ್ತವನು ಆ ಮೇಜಿನ ಮುಂದೆ ಕೂರುತ್ತಾನೆ ಎಂಬುದು ಬಹುಪಾಲು ಈ ಹುದ್ದೆಯವರ ಕೈಯಲ್ಲಿದೆ. ಇವತ್ತು ಅಲ್ಲಿ ಕೂತವನ ಪ್ರಶ್ನೆಯೇ ನಾಳೆ ಪುಸ್ತಕವಾಗುತ್ತದೆ, ನಾಡಿದ್ದು ಶಾಲೆಯ ಪಾಠವಾಗುತ್ತದೆ.

ಓದಲು ಯಾರು ಬೇಡವೆಂದರು, ಬಾಗಿಲು ತೆರೆದೇ ಇದೆಯಲ್ಲ ಎಂದು ಕೆಲವರು ಕೇಳಬಹುದು. ನಿಜ, ಆ ಭಂಡಾರದಲ್ಲಿ ಓದಲು ಶುಲ್ಕವಿಲ್ಲ. ಆದರೆ ಒಂದು ತಿಂಗಳು ಕೂಲಿ ಬಿಟ್ಟು, ಪರ ಊರಿನಲ್ಲಿ ಬಾಡಿಗೆ ಕೊಟ್ಟು, ಹಳೆಯ ಪತ್ರಿಕೆ ತಿರುವಿಹಾಕಲು ಯಾರಿಂದಾಗುತ್ತದೆ? ಅಪ್ಪ ಮಾಡಿಟ್ಟ ಆಸ್ತಿ ಇದ್ದವನಿಂದ. ಊಟದ ಏರ್ಪಾಡಿಲ್ಲದ ಸ್ವಾತಂತ್ರ್ಯ ಉಳ್ಳವರ ಸ್ವಾತಂತ್ರ್ಯ. ಇದನ್ನರಿತೇ ಆ ಸಂಸ್ಥೆ 1972ರಲ್ಲಿ ಸಂಶೋಧಕರಿಗೆ ವೇತನ ಕೊಡುವ ಪದ್ಧತಿಯನ್ನು ಆರಂಭಿಸಿತು. 1978ರಿಂದ ವುಸ್ಟರಿನ ಕಾಲೇಜುಗಳ ವಿದ್ಯಾರ್ಥಿಗಳನ್ನೇ ಕರೆದು, ಮೂಲ ಕಾಗದಗಳನ್ನು ಕೈಗೆ ಕೊಟ್ಟು ಪಾಠ ನಡೆಸುತ್ತಿದೆ. 1995ರಿಂದ ಕವಿಗಳಿಗೂ ಕಲಾವಿದರಿಗೂ ವೇತನವಿದೆ. ಪಂಡಿತನಿಗೆ ಕೊಡುವ ವೇತನ ದಾನವಲ್ಲ. ಅದು ಕೆಲಸದ ಕೂಲಿ. ಇದನ್ನು ಗಿರಣಿಯ ಗೆಳೆಯರು ಎಲ್ಲರಿಗಿಂತ ಬೇಗ ಒಪ್ಪಿಯಾರು.

ಹಾಗೆಂದು ಆ ಸಂಸ್ಥೆಯನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಕೆಲಸಗಾರ ಕಟ್ಟಿದ ಮನೆಯೂ ಬೇಗ ದೊಡ್ಡವರ ಮನೆಯಾಗುತ್ತದೆ. ಅಲ್ಲಿಯ ಸದಸ್ಯತ್ವ ಚುನಾಯಿತರಾದವರಿಗೆ ಮಾತ್ರ. ಒಬ್ಬ ಹೆಂಗಸು ಸದಸ್ಯೆಯಾಗಿ ಆರಿಸಿ ಬರಲು 1960 ಬರಬೇಕಾಯಿತು. ಆಕೆ ಎಸ್ತರ್ ಫೋರ್ಬ್ಸ್, ವುಸ್ಟರಿನಲ್ಲಿಯೇ ನೆಲೆಸಿದ್ದ ಲೇಖಕಿ. ಆಕೆ ಬರೆದ ಪಾಲ್ ರಿವೀರ್ ಚರಿತ್ರೆಗೆ 1943ರಲ್ಲೇ ಪುಲಿಟ್ಜರ್ ಬಹುಮಾನ ಬಂದಿತ್ತು. ಬಹುಮಾನ ಬಂದ ಹದಿನೇಳು ವರ್ಷಕ್ಕೆ, ಸಂಸ್ಥೆ ಹುಟ್ಟಿದ 148 ವರ್ಷಕ್ಕೆ, ಆ ಬಾಗಿಲು ತೆರೆಯಿತು. ಬೀಗದ ಕೈ ಒಂದೇ ಬಗೆಯ ಜನರ ಸೊಂಟದಲ್ಲಿದ್ದರೆ ಹೀಗೇ ಆಗುವುದು.

ಸಹಯೋಗದ ವಿಷಯವೂ ಹಾಗೆಯೇ. ಚಾರ್ಲ್ಸ್ ಎವಾನ್ಸ್ ಎಂಬಾತ ಅನಾಥ ಬಡ ಹುಡುಗರ ಶಾಲೆಯಲ್ಲಿ ಬೆಳೆದವನು. ಅಮೆರಿಕದ ಆರಂಭದ ಅಚ್ಚಿನ ಪುಸ್ತಕಗಳ ಪಟ್ಟಿಯನ್ನು 1903ರಿಂದ ಮುಪ್ಪಿನವರೆಗೆ ಹೆಚ್ಚುಕಡಿಮೆ ಒಂಟಿಯಾಗಿ ಮಾಡಿಕೊಂಡು ಬಂದ. ಅವನು ತೀರಿಕೊಂಡ ಮೇಲೆ ಉಳಿದ ಭಾಗವನ್ನು ಸೊಸೈಟಿ ಪೂರೈಸಿತು. ಆ ಪಟ್ಟಿಯಲ್ಲಿ ಸುಮಾರು 39,000 ನಮೂದುಗಳಿವೆ. 1955ರಿಂದ ರೀಡೆಕ್ಸ್ ಎಂಬ ಕಂಪೆನಿಯ ಜೊತೆಗೂಡಿ, ದೊರೆತ ಪುಸ್ತಕಗಳ ಪುಟಪುಟದ ಸಣ್ಣಚಿತ್ರ ತೆಗೆದು ಗ್ರಂಥಾಲಯಗಳಿಗೆ ಒದಗಿಸಿತು. ಇದು ದೊಡ್ಡ ಉಪಕಾರ. ಒಂದೇ ಊರಿನಲ್ಲಿದ್ದ ಪುಸ್ತಕ ನೂರು ಊರು ಮುಟ್ಟಿತು. ಈಗ ಅದೇ ಸಂಗ್ರಹ ಕಂಪ್ಯೂಟರಿನಲ್ಲಿ ಸಿಗುತ್ತದೆ. ಆದರೆ ಕಂಪೆನಿಗೆ ಹಣ ಕಟ್ಟಿದ ವಿಶ್ವವಿದ್ಯಾಲಯಗಳ ಒಳಗಿನವರಿಗೆ ಸಿಗುತ್ತದೆ, ಹೊರಗಿನವರಿಗೆ ಬೀಗ. ಸೊಸೈಟಿ ತಾನೇ ತೆಗೆಸಿದ ಸಾವಿರಾರು ಚಿತ್ರಗಳನ್ನು ಬಿಟ್ಟಿಯಾಗಿ ನೋಡಲು ಬಿಟ್ಟಿದೆ ಎಂಬುದನ್ನೂ ಹೇಳಬೇಕು. ಎರಡು ದಾರಿಯೂ ಕಣ್ಣ ಮುಂದಿವೆ. ಯಾವ ದಾರಿ ಅಗಲವಾಗಬೇಕು ಎಂಬುದು ಒಪ್ಪಂದಕ್ಕೆ ರುಜು ಹಾಕುವವರು ಯೋಚಿಸಬೇಕಾದ ಮಾತು.

ಕಂಪೆನಿ ಬೇಡ, ಸರ್ಕಾರವೇ ಕೊಡಲಿ ಎಂದರೆ ಅಲ್ಲಿಯೂ ಎಚ್ಚರ ಬೇಕು. ಅಮೆರಿಕದ ಮಾನವಿಕ ಶಾಸ್ತ್ರಗಳ ರಾಷ್ಟ್ರೀಯ ನಿಧಿ 1965ರಲ್ಲಿ ಹುಟ್ಟಿದ್ದು. ಇಂಥ ಭಂಡಾರಗಳ ಸಂಶೋಧನಾ ವೇತನಕ್ಕೆ ಅದು ಬಹುಕಾಲ ನೆರವಾಗಿದೆ. 2025ರ ಏಪ್ರಿಲ್‌ನಲ್ಲಿ ಅದು ತಾನೇ ಮಂಜೂರು ಮಾಡಿದ್ದ ಸಾವಿರಕ್ಕೂ ಹೆಚ್ಚು ನೆರವುಗಳನ್ನು ರದ್ದು ಮಾಡಿ ಪತ್ರ ಕಳಿಸಿತು. ಕೆಲಸ ನಡುವೆ ಇದ್ದವರ ಗತಿ ಏನೆಂದು ಕೇಳಲಿಲ್ಲ. ನೋಟೀಸು ಅಂಟಿಸಿ ಗೇಟು ಹಾಕುವ ಗಿರಣಿ ಮಾಲೀಕನಿಗೂ ಇದಕ್ಕೂ ಏನು ವ್ಯತ್ಯಾಸ?

ಆದ್ದರಿಂದ ಇಂಥ ಹುದ್ದೆಯಲ್ಲಿ ಕೂರುವವರನ್ನು ಜನ ಮೂರು ಪ್ರಶ್ನೆ ಕೇಳಬೇಕು. ವೇತನ ಪಡೆದವರಲ್ಲಿ ಹಿಂದೆಂದೂ ಆ ಬಾಗಿಲು ತುಳಿಯದ ಮನೆಯವರು ಎಷ್ಟು ಮಂದಿ? ಒಪ್ಪಂದದಿಂದ ಬಂದದ್ದು ಊರಿನ ಕಾಲೇಜಿಗೂ ಶಾಲೆಗೂ ಮುಟ್ಟಿತೇ, ದೊಡ್ಡ ವಿಶ್ವವಿದ್ಯಾಲಯಗಳಲ್ಲೇ ನಿಂತಿತೇ? ಒಬ್ಬ ಧಣಿ ಕೈ ಎತ್ತಿದರೂ ಕೆಲಸ ನಿಲ್ಲದಂತೆ ಹಲವು ಕಡೆಯ ನೆರವನ್ನು ಕೂಡಿಸಿಟ್ಟಿದ್ದಾರೆಯೇ? ಈ ಮೂರಕ್ಕೆ ನೇರ ಉತ್ತರ ಕೊಡುವವನು ಒಳ್ಳೆಯ ನಿರ್ದೇಶಕ. ಉಳಿದವನು ಬರಿಯ ಕಾವಲುಗಾರ.

ಬೆಂಚಿನ ಮೇಲೆ ನಿಂತು ಮೊಳೆ ಜೋಡಿಸಿದ ಹುಡುಗನಿಗೆ ತಾನು ಅಚ್ಚು ಹಾಕುತ್ತಿದ್ದುದನ್ನು ಓದಲು ಬರುತ್ತಿರಲಿಲ್ಲ. ಬೆವರು ಸುರಿಸಿದವನಿಗೆ ತನ್ನದೇ ಕೆಲಸದ ಅರ್ಥ ಮುಚ್ಚಿರುವುದಕ್ಕಿಂತ ದೊಡ್ಡ ಅನ್ಯಾಯ ಯಾವುದಿದೆ? ಅವನು ಕಟ್ಟಿದ ಮನೆಯ ಬೀಗದ ಕೈ ಹಿಡಿದವರು ಆ ಬೆಂಚನ್ನು ನೆನಪಿನಲ್ಲಿಡಲಿ. ಇನ್ನು ನಮ್ಮ ಓದುಗರಲ್ಲಿ ಒಂದೇ ಕೋರಿಕೆ: ಮುಂದಿನ ಸಲ ಪೊಟ್ಟಣ ಕಟ್ಟುವ ಮೊದಲು ಕಾಗದವನ್ನೊಮ್ಮೆ ತಿರುಗಿಸಿ ನೋಡಿ. ಅದರಲ್ಲಿ ನಿಮ್ಮ ಹೆಸರೇ ಇದ್ದೀತು.