ಸುಣ್ಣ ಬಳಿಯುವ ಮುನ್ನ ಒಂದು ನೋಟಿಸ್

2009ರಲ್ಲಿ ಬಿಬಿಎಂಪಿ ನಗರದ ಗೋಡೆಗಳಿಗೆ ಚಿತ್ರ ಬರೆಸಲು ಹೊರಟಾಗ ಏಣಿ ಹತ್ತಿದವರಲ್ಲಿ ಸಿನಿಮಾ ಬ್ಯಾನರ್ ಕಲಾವಿದರು ಬಹಳ ಮಂದಿ. ಫ್ಲೆಕ್ಸ್ ಬಂದು ಅವರ ಕಸುಬು ಕಸಿದಿತ್ತು. ಹಂಪಿ, ಜೋಗ ಗೋಡೆಗಿಳಿದವು. ಬರೆದವರ ಹೆಸರು ಇವತ್ತು ಎಷ್ಟು ಜನರಿಗೆ ಗೊತ್ತು? ಅದಾದ ಮೇಲೆ ಯಲಹಂಕ ಉಪನಗರದ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಪೀಣ್ಯ ಮೆಟ್ರೊ ನಿಲ್ದಾಣಕ್ಕೂ ಬಣ್ಣ ತಂದರು. ಊರಿಗೆ ಚೆಂದ ಬಂತು, ಆದರೆ ಗೋಡೆಗೂ ಚಿತ್ರಕ್ಕೂ ಜಗಳ ಬಂದರೆ ಯಾರ ಮಾತು ನಡೆಯಬೇಕು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಮಾಲೀಕರ ಪಾಡೂ ಸುಲಭದ್ದಲ್ಲ. ಆರ್‌.ಟಿ. ನಗರದ ಮನೆಯೊಂದರ ಪಕ್ಕದ ಗೋಡೆ ಎನ್ನಿ. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ತೇವ ಏರಿ, ಗಿಲಾವು ಉಬ್ಬಿ, ಚಿತ್ರದ ಮುಖ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ರಿಪೇರಿ ಮಾಡಬೇಡಿ ಎನ್ನಲು ಯಾರಿಗೂ ಹಕ್ಕಿಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಹಣ ಕೊಟ್ಟು ಬರೆಸಿದ ಚಿತ್ರದ ಸ್ವಾಮ್ಯ, ಬೇರೆ ಕರಾರು ಇಲ್ಲದಿದ್ದರೆ, ಬರೆಸಿದವರದೇ. ಆದರೂ 57ನೇ ಸೆಕ್ಷನ್ ಕಲಾವಿದನಿಗೆ ಎರಡನ್ನು ಉಳಿಸಿದೆ: ಇದು ನನ್ನದು ಎನ್ನುವ ಹಕ್ಕು, ಮಾನಕ್ಕೆ ಕುಂದು ಬರುವಂತೆ ಕೃತಿಯನ್ನು ಕೆಡಿಸಿದರೆ ತಡೆಯುವ ಹಕ್ಕು. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು ಸರ್ಕಾರ 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿತ್ತು. 2005ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಅವರಿಗೆ ಮರಳಿಸಿ, ₹5 ಲಕ್ಷ ಪರಿಹಾರ ಕೊಡಿಸಿತು. ನಾಶವೆಂದರೆ ವಿರೂಪದ ಪರಮಾವಧಿ ಎಂದಿತು.

ಅದೇ ಹೈಕೋರ್ಟ್ 2019ರಲ್ಲಿ ಬೇರೆ ದಾರಿ ಹಿಡಿಯಿತು. ಪ್ರಗತಿ ಮೈದಾನದ ‘ಹಾಲ್ ಆಫ್ ನೇಷನ್ಸ್’ ಕೆಡವಿದ್ದನ್ನು ವಾಸ್ತುಶಿಲ್ಪಿ ರಾಜ್ ರೇವಲ್ ಪ್ರಶ್ನಿಸಿದಾಗ, ಕಟ್ಟಡ ಪೂರ್ತಿ ಹೋದರೆ ಕಣ್ಣಿಗೆ ಬೀಳುವುದೇ ಇಲ್ಲ, ಇನ್ನು ಮಾನಹಾನಿ ಎಲ್ಲಿಯದು ಎಂಬುದು ತೀರ್ಪಿನ ತರ್ಕ. ಅದು ಕಟ್ಟಡದ ಪ್ರಕರಣ ನಿಜ. ಗೋಡೆಚಿತ್ರಕ್ಕೂ ಇದೇ ಅಳತೆಗೋಲು ಬಂದರೆ, ಅರ್ಧ ಅಳಿಸಿದವನು ತಪ್ಪಿತಸ್ಥ, ಪೂರ್ತಿ ಸುಣ್ಣ ಬಳಿದವನು ನಿರ್ದೋಷಿ! ಇದು ನನಗೆ ಒಪ್ಪಿಗೆಯಿಲ್ಲ.

ನ್ಯೂಯಾರ್ಕ್‌ನ ‘ಫೈವ್ ಪಾಯಿಂಟ್ಸ್’ ಕಟ್ಟಡದ ಮಾಲೀಕ 2013ರಲ್ಲಿ ರಾತ್ರೋರಾತ್ರಿ ಚಿತ್ರಗಳಿಗೆ ಬಿಳಿ ಬಳಿಸಿದ. 21 ಕಲಾವಿದರಿಗೆ 67.5 ಲಕ್ಷ ಡಾಲರ್ ತೆರಬೇಕಾಯಿತು. ತೆಗೆಯಲು ಬರುವಂಥ ಚಿತ್ರವಾದರೆ ಅಲ್ಲಿ 90 ದಿನಗಳ ನೋಟಿಸ್ ಕೊಡಬೇಕು. ನಮಗೆ ಅಷ್ಟು ದೊಡ್ಡ ದಂಡ ಬೇಡ, ನೋಟಿಸ್ ಸಾಕು. ಕಲಾವಿದ ಬಂದು ಫೋಟೊವಾದರೂ ತೆಗೆದುಕೊಳ್ಳಲಿ.

ಹೆಬ್ಬಾಳದಲ್ಲಿ ಮೇಲ್ಸೇತುವೆ, ಯಶವಂತಪುರದಲ್ಲಿ ರೈಲು ನಿಲ್ದಾಣದ ಕಾಮಗಾರಿ ಎಂದು ಉತ್ತರ ಬೆಂಗಳೂರಿನಲ್ಲಿ ಗೋಡೆಗಳು ಬೀಳುತ್ತಲೇ, ಏಳುತ್ತಲೇ ಇವೆ. ಸಾರ್ವಜನಿಕ ಗೋಡೆಯ ಮಾಲೀಕ ಪಾಲಿಕೆಯೇ ಆದ್ದರಿಂದ ಮೊದಲ ಹೆಜ್ಜೆಯನ್ನೂ ಅದೇ ಇಡಬೇಕು. ಬೆಂಗಳೂರು ಉತ್ತರ ನಗರ ಪಾಲಿಕೆ ಇನ್ನು ಮುಂದೆ ಚಿತ್ರ ಬರೆಸುವಾಗ ಒಂದು ಪುಟದ ಕರಾರು ಮಾಡಿಕೊಳ್ಳಲಿ. ಎಷ್ಟು ವರ್ಷ ಉಳಿಸುತ್ತೇವೆ, ಅಳಿಸುವ ಎಷ್ಟು ದಿನ ಮೊದಲು ತಿಳಿಸುತ್ತೇವೆ ಎಂಬುದು ಅದರಲ್ಲಿರಲಿ. ಗೋಡೆಯ ಮೂಲೆಯಲ್ಲಿ ಬರೆದವರ ಹೆಸರಿರಲಿ.